ಮೂರು ದಿನಗಳ ನಂತರದ ಮೌನ

ಕಳೆದ ಡಿಸೆಂಬರ್‌ನ ಒಂದು ಮುಂಜಾನೆ ಫಜ್ರ್ ನಮಾಝ್ ಮುಗಿಸಿ, ನನ್ನ ತಮ್ಮನ ಮಗನ ಕೈ ಹಿಡಿದುಕೊಂಡು ಹೊನ್ನಾವರದಲ್ಲಿ ಶರಾವತಿಯ ದಡಕ್ಕೆ ಇಳಿದೆ. ಹುಡುಗನಿಗೆ ಎಂಟು ವರ್ಷ. ರಜೆಗೆ ಬಂದವನು ಒಂದು ವಾರದಿಂದ ದೋಣಿಯಲ್ಲಿ ಕಡಲಿಗೆ ಹೋಗಬೇಕೆಂದು ಹಟ ಹಿಡಿದಿದ್ದ. ಮಕ್ಕಳ ಹಟಗಳಲ್ಲಿ ಅದೂ ಒಂದು ಎಂದು ನಾವೆಲ್ಲ ಭಾವಿಸಿದ್ದೆವು. ನಮ್ಮ ತಂದೆಯವರ ಕಾಲದಿಂದ ಪರಿಚಿತರಾಗಿದ್ದ ಹಿರಿಯ ಮೀನುಗಾರರೊಬ್ಬರು ಇಂಜಿನ್ ಕೂಡಿಸಿದ ತಮ್ಮ ನಾಡದೋಣಿಯಲ್ಲಿ ನಮ್ಮನ್ನು ಕರೆದೊಯ್ಯಲು ಒಪ್ಪಿದ್ದರು. ಅಳಿವೆ ದಾಟಿ, ಉತ್ತರಕ್ಕೆ ಕರಾವಳಿಯ ಗುಂಟ ಸಾಗಿ, ಕುಮಟಾ ಆಚೆಯ ಅಘನಾಶಿನಿ ಅಳಿವೆಯನ್ನು ನೋಡಿ, ಮಧ್ಯಾಹ್ನದ ಕಡಲಗಾಳಿ ಬಲಗೊಳ್ಳುವ ಮೊದಲೇ ಹಿಂದಿರುಗುವುದೆಂದು ನಿಶ್ಚಯವಾಗಿತ್ತು.

ದಕ್ಕೆಯಲ್ಲಿ ಇನ್ನೂ ನಸುಗತ್ತಲಿತ್ತು. ಮೀನುಗಾರಿಕಾ ಬೋಟೊಂದು ನಮ್ಮನ್ನು ದಾಟಿ ಹೋಯಿತು. ಅದರ ಎಡಬದಿಗೆ ಕೆಂಪು ದೀಪ, ಬಲಬದಿಗೆ ಹಸಿರು ದೀಪ. ವಿಮಾನದ ಎರಡು ರೆಕ್ಕೆಗಳ ತುದಿಯಲ್ಲಿಯೂ ಇದೇ ಕ್ರಮದಲ್ಲಿ ಇವೇ ಎರಡು ದೀಪಗಳಿರುತ್ತವೆಂದು ಹುಡುಗನಿಗೆ ಹೇಳಿದೆ. "ನಿಮಗೆ ಹೇಗೆ ಗೊತ್ತು ಫುಪ್ಪು?" ಎಂದು ಕೇಳಿದ. ನಿನ್ನ ಅಬ್ಬಾ ಹೇಳಿಕೊಟ್ಟದ್ದು ಎಂಬ ಮಾತು ನಾಲಿಗೆಯ ತುದಿಗೆ ಬಂದು ನಿಂತಿತು. ಎಲ್ಲೋ ಓದಿದ್ದೆ ಎಂದುಬಿಟ್ಟೆ. ಈ ಲೇಖನವನ್ನು ಬರೆಯಲು ಕಾರಣವಾದದ್ದು ಆ ಸಣ್ಣ ಸುಳ್ಳು.

ನನ್ನ ತಮ್ಮ ಪೈಲಟ್ ಆಗಿದ್ದ. ಸಮುದ್ರದ ದಡದಲ್ಲಿ ಬೆಳೆದ ಹುಡುಗ ಆಕಾಶವನ್ನು ಆರಿಸಿಕೊಂಡದ್ದು ನಮ್ಮ ಬಂಧುಬಳಗದಲ್ಲಿ ಆಗ ದೊಡ್ಡ ಚರ್ಚೆಯ ವಿಷಯವಾಗಿತ್ತು. ವಾಣಿಜ್ಯ ಪೈಲಟ್ ಪರವಾನಗಿಗೆ ಕನಿಷ್ಠ 200 ಗಂಟೆಗಳ ಹಾರಾಟ ಬೇಕು. ಅದರ ಖರ್ಚಿಗಾಗಿ ಅಬ್ಬಾ ತೆಂಗಿನ ತೋಟದ ಒಂದು ಭಾಗವನ್ನು ಮಾರಿದರು. ಅದೇ ಹಣದಲ್ಲಿ ಗಲ್ಫಿನಲ್ಲಿ ಅಂಗಡಿ ಇಡಬಹುದಿತ್ತೆಂದು ಹೇಳದ ನೆಂಟರಿರಲಿಲ್ಲ. ರಮಝಾನಿನಲ್ಲಿ ಕರ್ತವ್ಯದ ದಿನ ಅವನು ಪ್ರಯಾಣಿಕನಿಗಿರುವ ರಿಯಾಯಿತಿಯನ್ನು ಬಳಸಿಕೊಂಡು ಉಪವಾಸ ಬಿಡುತ್ತಿದ್ದ, ನಂತರದ ತಿಂಗಳುಗಳಲ್ಲಿ ಒಂದೊಂದಾಗಿ ತೀರಿಸುತ್ತಿದ್ದ. ಅದಕ್ಕೂ ಗುಸುಗುಸು ಇತ್ತು. ಎಪ್ಪತ್ತು ಜನರ ಪ್ರಾಣವನ್ನು ಕೈಯಲ್ಲಿ ಹಿಡಿದವನು ಅಲ್ಲಾಹನು ಕೊಟ್ಟ ರಿಯಾಯಿತಿಯನ್ನು ಬಳಸದಿದ್ದರೆ ಇನ್ನಾರು ಬಳಸಬೇಕು ಎಂದು ಅಬ್ಬಾ ಒಮ್ಮೆ ಗದರಿದ ಮೇಲೆ ಆ ಗುಸುಗುಸು ನಿಂತಿತು.

ಅವನು ಹಾರಿಸುತ್ತಿದ್ದುದು ಎರಡು ಪಂಖಗಳ ಎಟಿಆರ್ ವಿಮಾನ. ದೊಡ್ಡ ಜೆಟ್‌ಗಳಿಗಿಂತ ಕೆಳಗೆ, ನಿಧಾನವಾಗಿ ಹಾರುವುದರಿಂದ ಅದರಿಂದ ನೆಲ ಚೆನ್ನಾಗಿ ಕಾಣುತ್ತದೆಂದು ಹೆಮ್ಮೆ ಪಡುತ್ತಿದ್ದ. ಕರಾವಳಿಯ ಮೇಲೆ ದಕ್ಷಿಣಕ್ಕೆ ಹಾರುವಾಗ ನಮ್ಮ ಜಿಲ್ಲೆಯ ಅಳಿವೆಗಳನ್ನು ಎಣಿಸುವುದು ಅವನ ಅಭ್ಯಾಸ. ಕಾರವಾರದಲ್ಲಿ ಕಾಳಿ, ಆಮೇಲೆ ಗಂಗಾವಳಿ, ಅಘನಾಶಿನಿ, ಕೊನೆಗೆ ನಮ್ಮ ಶರಾವತಿ. "ಆಪಾ, ಕಾಳಿಯಿಂದ ನಮ್ಮ ಮನೆಗೆ ಹತ್ತು ನಿಮಿಷವೂ ಬೇಡ. ಆದರೆ ಇಳಿಯುವ ಹಾಗಿಲ್ಲ" ಎಂದು ಫೋನಿನಲ್ಲಿ ನಗುತ್ತಿದ್ದ. ಆಕಾಶದ ಭಾಷೆಯೆಲ್ಲ ಕಡಲಿನಿಂದ ಸಾಲ ತಂದದ್ದೆಂದು ಅವನು ಹೇಳುವವರೆಗೆ ನನಗೆ ತಿಳಿದಿರಲಿಲ್ಲ. ಕ್ಯಾಪ್ಟನ್, ಪೈಲಟ್, ಕ್ರೂ ಎಲ್ಲವೂ ಹಡಗಿನ ಮಾತುಗಳು. ವೇಗವನ್ನು ಇಂದಿಗೂ ನಾಟ್‌ಗಳಲ್ಲಿ ಹೇಳುತ್ತಾರೆ, ದೂರವನ್ನು ನಾಟಿಕಲ್ ಮೈಲಿನಲ್ಲಿ. ಅರಬರು ಹಡಗಿಗೆ ದಾರಿ ತೋರುವವನನ್ನು ಮುಅಲ್ಲಿಂ ಎನ್ನುತ್ತಿದ್ದರು. ಹದಿನೈದನೇ ಶತಮಾನದ ಅಹ್ಮದ್ ಬಿನ್ ಮಾಜಿದ್ ಅಂಥ ಮುಅಲ್ಲಿಂ. ಹಿಂದೂ ಮಹಾಸಾಗರದ ದಾರಿಗಳನ್ನೂ ನಕ್ಷತ್ರಗಳನ್ನೂ ಕುರಿತು ಗ್ರಂಥ ಬರೆದವರು. ನಮ್ಮ ಮಕ್ಕಳು ಮದ್ರಸದಲ್ಲಿ ಗುರುಗಳನ್ನು ಕರೆಯುವುದೂ ಅದೇ ಪದದಿಂದ. ಇದನ್ನು ಹೇಳಿದಾಗ ತಮ್ಮ ಬಹಳ ಸಂತೋಷಪಟ್ಟಿದ್ದ.

ಅವನು 2021ರ ಮೇ ತಿಂಗಳಿನಲ್ಲಿ, ಉತ್ತರ ಭಾರತದ ಒಂದು ಮಹಾನಗರದ ಆಸ್ಪತ್ರೆಯಲ್ಲಿ ಕೊರೋನಾದಿಂದ ಮರಣ ಹೊಂದಿದ. ಇನ್ನಾಲಿಲ್ಲಾಹಿ ವ ಇನ್ನಾ ಇಲೈಹಿ ರಾಜಿಊನ್. ಸಾವಿರಾರು ಗಂಟೆಗಳನ್ನು ಆಕಾಶದಲ್ಲಿ ಕಳೆದವನು ನೆಲದ ಮೇಲೆ, ಹಾಸಿಗೆಯೊಂದರಲ್ಲಿ, ಉಸಿರಿಗಾಗಿ ಹೋರಾಡಿ ಹೋದ. ನಾವು ಯಾರೂ ಹೋಗಲಾಗಲಿಲ್ಲ. ನಮಗೆ ಗುರುತಿಲ್ಲದ ಸ್ವಯಂಸೇವಕರು ಅವನ ದಫನ ಮಾಡಿದರು. ಅಲ್ಲಾಹನು ಅವರಿಗೆ ಅತ್ಯುತ್ತಮ ಪ್ರತಿಫಲ ನೀಡಲಿ. ಆರು ನಿಮಿಷಗಳ ಒಂದು ವೀಡಿಯೊವನ್ನು ಫೋನಿನಲ್ಲಿ ನೋಡಿ, ಮನೆಯ ನಾಲ್ವರು ಗಾಇಬ್ ಜನಾಝಾ ನಮಾಝ್ ನಿರ್ವಹಿಸಿದೆವು. ಅವನ ಮಗನಿಗೆ ಆಗ ಮೂರು ವರ್ಷ ತುಂಬಿ ಕೆಲವೇ ತಿಂಗಳಾಗಿತ್ತು.

ಮೂರು ದಿನಗಳ ನಂತರ ನಮ್ಮ ಮನೆಯಲ್ಲಿ ಅವನ ಹೆಸರು ನಿಂತಿತು.

ಯಾರೂ ಆಜ್ಞೆ ಮಾಡಲಿಲ್ಲ. ಹೆಸರು ಕೇಳಿದರೆ ಅಮ್ಮಿ ಅಳುತ್ತಾರೆ, ಆದ್ದರಿಂದ ಹೇಳಬಾರದು. ಹೇಳಿದರೆ ಭಾಭಿ ಎದ್ದು ಒಳಗೆ ಹೋಗುತ್ತಾಳೆ, ಆದ್ದರಿಂದ ಹೇಳಬಾರದು. ಮಗು ಕೇಳಿಸಿಕೊಂಡೀತು, ಆದ್ದರಿಂದ ಹೇಳಬಾರದು. ಅವನ ಸಮವಸ್ತ್ರದ ಭಾವಚಿತ್ರ ಕಪಾಟಿನೊಳಗೆ ಹೋಯಿತು. ಹೊರಗಿನವರು ನಮ್ಮ ಸಹನೆಯನ್ನು ಹೊಗಳಿದರು. ನನ್ನನ್ನು ಕಂಡವರೆಲ್ಲ ಕೇಳುತ್ತಿದ್ದ ಪ್ರಶ್ನೆ ಒಂದೇ: "ಅಮ್ಮಿ ಹೇಗಿದ್ದಾರೆ? ಅವರನ್ನು ನೋಡಿಕೋ." ಸಂತಾಪವು ತಾಯಿಗೆ, ಹೆಂಡತಿಗೆ, ಮಕ್ಕಳಿಗೆ ಸಲ್ಲುತ್ತದೆ. ಒಡಹುಟ್ಟಿದವರು ಬಂದವರಿಗೆ ಚಹಾ ಕೊಡುವವರು. ಇದನ್ನು ದೂರಾಗಿ ಹೇಳುತ್ತಿಲ್ಲ. ತಾಯಿಯ ದುಃಖದ ಮುಂದೆ ನನ್ನದು ಯಾವ ಲೆಕ್ಕ ಎಂದು ನಾನೂ ನಂಬಿದ್ದೆ. ಆದರೆ ಅವನಿಗೆ ನಡೆಯಲು ಕಲಿಸಿದವಳು ನಾನು. ಹೊಳೆಯ ದಡದಲ್ಲಿ ಆಡುವಾಗ ನೀರಿಗೆ ಬೀಳದಂತೆ ಅವನ ಅಂಗಿಯ ಹಿಂಭಾಗವನ್ನು ಹಿಡಿದುಕೊಂಡು ಕೂರುವುದು ನನಗೆ ಒಪ್ಪಿಸಿದ್ದ ಕೆಲಸ. ಪುಟ್ಟ ಮೂಸಾ(ಅ)ರನ್ನು ಹೊತ್ತ ಪೆಟ್ಟಿಗೆಯು ನದಿಯಲ್ಲಿ ತೇಲಿ ಹೋಗುವಾಗ ದೂರದಿಂದ ಕಣ್ಣಿಟ್ಟು ಹಿಂಬಾಲಿಸಿದ ಅಕ್ಕನ ಪ್ರಸಂಗವನ್ನು ಕುರ್‌ಆನಿನ ಅಲ್‌ ಕಸಸ್ ಅಧ್ಯಾಯದಲ್ಲಿ ಓದುವಾಗಲೆಲ್ಲ ನನ್ನ ಬೆರಳುಗಳಿಗೆ ಆ ಅಂಗಿಯ ಬಟ್ಟೆ ನೆನಪಾಗುತ್ತದೆ.

ದೋಣಿಯು ಅಳಿವೆಯನ್ನು ಸಮೀಪಿಸಿತು. ಶರಾವತಿಯ ಅಳಿವೆಯಲ್ಲಿ ಮರಳು ತುಂಬಿಕೊಳ್ಳುತ್ತದೆ. ನೀರು ಎಲ್ಲಿ ಆಳ, ಎಲ್ಲಿ ದಿಬ್ಬ ಎಂದು ತಿಳಿಯದವರು ಅಲ್ಲಿ ದೋಣಿ ನಡೆಸುವ ಹಾಗಿಲ್ಲ. ಚಾಚಾ ಇಂಜಿನ್ನಿನ ವೇಗ ತಗ್ಗಿಸಿ, ಅಲೆಗಳನ್ನು ಎಣಿಸುವವರಂತೆ ಸ್ವಲ್ಪ ಹೊತ್ತು ಕಾದು, ಒಂದೇ ಓಟಕ್ಕೆ ದಾಟಿಸಿದರು. ದಾಟಿದ ಮೇಲೆ ಹಿಂದಿರುಗಿ ನೋಡಿ ಮೆಲ್ಲನೆ ಸಲಾಮ್ ಹೇಳಿದರು. ಯಾರಿಗೆಂದು ಹುಡುಗ ಕೇಳಿದ. "ನನ್ನ ಅಣ್ಣನಿಗೆ. ಅವನ ದೋಣಿ ಇಲ್ಲಿಯೇ ಮಗುಚಿದ್ದು" ಎಂದರು. ಆ ದಿನದ ಬಂಗುಡೆಯ ದರ ಹೇಳುವಾಗ ಇದ್ದ ದನಿಯೇ ಆಗಲೂ ಇತ್ತು. ಅಣ್ಣ ಎಂಥ ಈಜುಗಾರ, ಎಷ್ಟು ಕೋಪಿಷ್ಠ, ಸಾಲ ಮಾಡಿ ಕೊಂಡ ಬಲೆಯನ್ನು ಹೇಗೆ ಕಳೆದುಕೊಂಡ ಎಂಬುದನ್ನೆಲ್ಲ ದಾರಿಯುದ್ದಕ್ಕೂ ಹೇಳಿದರು. ಹೇಳುತ್ತಾ ಎರಡು ಬಾರಿ ನಕ್ಕರು.

ಹೊನ್ನಾವರದಿಂದ ಉತ್ತರಕ್ಕೆ ಹೆದ್ದಾರಿ ಕಡಲಿಗೆ ಅಷ್ಟೇನೂ ದೂರವಿಲ್ಲ. ಆದರೂ ಆ ದಾರಿಯಲ್ಲಿ ಸಾವಿರ ಬಾರಿ ಬಸ್ಸಿನಲ್ಲಿ ಹೋದವರಿಗೂ ಕಾಣದ ಕರಾವಳಿಯೊಂದು ಅಲ್ಲಿದೆ. ಕಡಲಿನ ನಡುವೆ ಮುರಕಲ್ಲಿನ ಬಸವರಾಜ ದುರ್ಗ, ಅದರ ಕೋಟೆಗೋಡೆಯ ಮೇಲೆ ಬೆಳೆದ ಮರಗಳು. ಮುಂದೆ ಧಾರೇಶ್ವರದ ಉದ್ದನೆಯ ಮರಳು, ಕುಮಟಾದ ಬಳಿ ನೇರವಾಗಿ ನೀರಿಗೆ ಇಳಿಯುವ ಕಪ್ಪು ಬಂಡೆಗಳು, ಬಂಡೆಗಳ ನಡುವೆ ಮನುಷ್ಯನ ಹೆಜ್ಜೆ ಬೀಳದ ಪುಟ್ಟ ಪುಟ್ಟ ಮರಳ ಕೊಲ್ಲಿಗಳು. ಹದಿನಾಲ್ಕನೇ ಶತಮಾನದಲ್ಲಿ ಇಬ್ನ್ ಬತೂತ ಇದೇ ಕಡಲಿನಿಂದ ಹೊನ್ನಾವರಕ್ಕೆ ಬಂದಿಳಿದಿದ್ದರು. ಊರಿನಲ್ಲಿ ಹುಡುಗರಿಗೆ 23, ಹುಡುಗಿಯರಿಗೆ 13 ಶಾಲೆಗಳನ್ನು ಕಂಡೆನೆಂದೂ ಇಲ್ಲಿನ ಸ್ತ್ರೀಯರು ಕುರ್‌ಆನ್ ಕಂಠಪಾಠ ಮಾಡಿದವರೆಂದೂ ಬರೆದಿಟ್ಟರು. ಇದನ್ನು ಹುಡುಗನಿಗೆ ಹೇಳಿದೆ. ಅವನು ಕೇಳಿಸಿಕೊಳ್ಳಲಿಲ್ಲ. ದೋಣಿಯ ಅಂಚಿಗೆ ಬಾಗಿ ನೀರನ್ನೇ ದಿಟ್ಟಿಸುತ್ತಿದ್ದ. ವಾಕರಿಕೆ ಬರುತ್ತಿರಬೇಕೆಂದು ತಿಳಿದು ಲಿಂಬೆಹಣ್ಣು ಮೂಸಲು ಕೊಟ್ಟೆ.

ಚಳಿಗಾಲದ ಬೆಳಿಗ್ಗೆ ನಮ್ಮಲ್ಲಿ ಗಾಳಿ ಘಟ್ಟದ ಕಡೆಯಿಂದ, ಅಂದರೆ ಪೂರ್ವದಿಂದ ಕಡಲಿಗೆ ಬೀಸುತ್ತದೆ. ಒಣ ಎಲೆಯ, ಹೊಗೆಯ, ಒದ್ದೆ ಮಣ್ಣಿನ ವಾಸನೆ ಅದರಲ್ಲಿರುತ್ತದೆ. ನನಗೆ ಆಗ ಹಝ್ರತ್ ಉಮರ್(ರ) ನೆನಪಾದರು. ಅವರ ಅಣ್ಣ ಝೈದ್ ಬಿನ್ ಖತ್ತಾಬ್(ರ) ಯಮಾಮಾ ಯುದ್ಧದಲ್ಲಿ ಹುತಾತ್ಮರಾದರು. ಪೂರ್ವದ ಗಾಳಿ ಬೀಸಿದಾಗಲೆಲ್ಲ ತಮಗೆ ಝೈದ್‌ರ ಪರಿಮಳ ಬರುತ್ತದೆಂದು ಉಮರ್(ರ) ಹೇಳುತ್ತಿದ್ದರೆಂದು ವರದಿಯಾಗಿದೆ. ತನ್ನ ಸಹೋದರನಿಗಾಗಿ ಶೋಕಗೀತೆಗಳನ್ನು ರಚಿಸಿದ್ದ ಮುತಮ್ಮಿಮ್ ಎಂಬ ಕವಿಯನ್ನು ಭೇಟಿಯಾದಾಗ, ತನಗೂ ಕಾವ್ಯ ಒಲಿದಿದ್ದರೆ ಝೈದ್‌ರಿಗಾಗಿ ಹೀಗೆಯೇ ಹಾಡುತ್ತಿದ್ದೆ ಎಂದರಂತೆ. ಸಾಮ್ರಾಜ್ಯಗಳು ನಡುಗುತ್ತಿದ್ದ ಖಲೀಫರು ಅವರು. ಒಡಹುಟ್ಟಿದವನ ನೆನಪನ್ನು ಮುಚ್ಚಿಡುವುದು ಅವರ ದೃಢತೆಗೆ ಅಗತ್ಯವಾಗಿರಲಿಲ್ಲ.

ಹಾಗಾದರೆ ಮೂರು ದಿನಗಳ ಮಾತೇನು? ಪತಿಯನ್ನು ಕಳೆದುಕೊಂಡವಳಿಗೆ ನಾಲ್ಕು ತಿಂಗಳು ಹತ್ತು ದಿನ, ಉಳಿದವರಿಗಾಗಿ ಮೂರು ದಿನಕ್ಕಿಂತ ಹೆಚ್ಚು ಶೋಕಾಚರಣೆ ಇಲ್ಲ ಎಂಬ ಪ್ರವಾದಿ(ಸ)ವರ್ಯರ ಆದೇಶ ನಮಗೆಲ್ಲರಿಗೂ ಗೊತ್ತು. ಅದನ್ನು ನಮಗೆ ತಲುಪಿಸಿದ ಒಂದು ವರದಿಯ ಸಂದರ್ಭವನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ. ಸಹೋದರನನ್ನು ಕಳೆದುಕೊಂಡಿದ್ದ ಝೈನಬ್ ಬಿಂತಿ ಜಹ್ಶ್(ರ) ಸುಗಂಧ ತರಿಸಿ ಹಚ್ಚಿಕೊಂಡರು. ಆಮೇಲೆ, ತಮಗೆ ಸುಗಂಧದ ಅಗತ್ಯವೇನೂ ಇಲ್ಲವೆಂದೂ ಪ್ರವಾದಿ(ಸ)ಯವರ ಈ ಮಾತನ್ನು ಕೇಳಿದ್ದರಿಂದ ಹಾಗೆ ಮಾಡಿದೆನೆಂದೂ ತಿಳಿಸಿದರು. ಸಹೋದರಿಯೊಬ್ಬಳ ಬಾಯಿಂದ ಬಂದ ಈ ಮಾತನ್ನು ಓದಿದಾಗ ನನಗೆ ಅನಿಸುವುದು ಇಷ್ಟು: ಆದೇಶವನ್ನು ಪಾಲಿಸಿದ್ದು ಅವರ ಕೈ. ಹೃದಯವು ಮೂರನೆಯ ದಿನ ಬರಿದಾಯಿತೆಂದು ಅವರು ಎಲ್ಲಿಯೂ ಹೇಳಲಿಲ್ಲ. ಎದೆ ಬಡಿದುಕೊಳ್ಳುವುದನ್ನು, ಬಟ್ಟೆ ಹರಿದುಕೊಳ್ಳುವುದನ್ನು, ವಿಧಿಯನ್ನು ದೂರುವುದನ್ನು ಇಸ್ಲಾಮ್ ತಡೆಯಿತು. ವರ್ಷಕ್ಕೊಮ್ಮೆ ಊಟ ಹಾಕಿಸಿ ನೆನಪನ್ನು ಪ್ರದರ್ಶನ ಮಾಡಬೇಕೆಂದೂ ನಾನು ಹೇಳುತ್ತಿಲ್ಲ. ಆದರೆ ಖದೀಜಾ(ರ) ತೀರಿಕೊಂಡು ವರ್ಷಗಳಾದ ಮೇಲೂ ಪ್ರವಾದಿ(ಸ) ಅವರ ಹೆಸರೆತ್ತುತ್ತಿದ್ದರು, ಆಡು ಕಡಿದಾಗ ಅವರ ಗೆಳತಿಯರಿಗೆ ಪಾಲು ಕಳಿಸುತ್ತಿದ್ದರು. ಅವರ ಸಹೋದರಿ ಹಾಲಾ ಬಾಗಿಲಲ್ಲಿ ಅನುಮತಿ ಕೇಳಿದಾಗ ಆ ದನಿಯಲ್ಲಿ ಖದೀಜಾ(ರ)ರನ್ನು ಗುರುತಿಸಿ ವಿಚಲಿತರಾದರು. ಹೆಸರನ್ನು ಹೇಳದಿರುವುದು ಸಹನೆಯಾಗಿದ್ದರೆ ಅವರಿಗಿಂತ ಮೊದಲು ಅದನ್ನು ಮಾಡುವವರು ಯಾರಿದ್ದರು?

ಸುಮಾರು ಎರಡು ಗಂಟೆಗಳ ನಂತರ ಅಘನಾಶಿನಿಯ ಅಳಿವೆ ಕಂಡಿತು. ಬಲಕ್ಕೆ ಅಘನಾಶಿನಿ ಗ್ರಾಮ, ಎದುರಿಗೆ ತದಡಿಯ ಬಂದರು. ಇಳಿತದ ಹೊತ್ತಾದ್ದರಿಂದ ಒಳಗಡೆ ಹೆಂಗಸರು ಮೊಣಕಾಲುದ್ದದ ನೀರಿನಲ್ಲಿ ಬಳಚು ಆಯುತ್ತಿದ್ದರು. ದಾರಿಯಲ್ಲಿ ಎಲ್ಲಿಯೂ ಅಣೆಕಟ್ಟಿನ ತಡೆಯಿಲ್ಲದೆ ಕಡಲು ಸೇರುವ ಹೊಳೆ ಅದು. ಚಾಚಾ ಇಂಜಿನ್ ನಿಲ್ಲಿಸಿದರು. ಆ ನಿಶ್ಶಬ್ದದಲ್ಲಿ ಹುಡುಗ ನನ್ನ ಕಡೆ ತಿರುಗಿ ಕೇಳಿದ:

"ಫುಪ್ಪು, ಅಬ್ಬಾನ ವಿಮಾನ ಬಿದ್ದದ್ದು ಇಲ್ಲಿಯೋ, ಇನ್ನೂ ಮುಂದೆಯೋ?"

ನಾಲ್ಕೂವರೆ ವರ್ಷಗಳಿಂದ ಆ ಮಗು ತನ್ನ ತಂದೆಯ ವಿಮಾನ ಸಮುದ್ರಕ್ಕೆ ಬಿತ್ತೆಂದು ನಂಬಿಕೊಂಡಿತ್ತು. ಅಬ್ಬಾ ಪೈಲಟ್, ಅಬ್ಬಾ ಇಲ್ಲ, ಕೇಳಿದರೆ ದೊಡ್ಡವರು ಮಾತು ಬದಲಿಸುತ್ತಾರೆ. ಇಷ್ಟು ಸಿಕ್ಕರೆ ಮಕ್ಕಳು ಉಳಿದದ್ದನ್ನು ತಾವೇ ಕಟ್ಟಿಕೊಳ್ಳುತ್ತಾರೆ. 2010ರ ಮೇ 22ರಂದು ದುಬೈನಿಂದ ಬಂದ ವಿಮಾನ ಮಂಗಳೂರಿನ ಬಜ್ಪೆಯಲ್ಲಿ ಕಂದಕಕ್ಕೆ ಉರುಳಿ 158 ಮಂದಿ ಬಲಿಯಾದ ನಂತರ ನಮ್ಮ ಕರಾವಳಿಯ ಮನೆಗಳಲ್ಲಿ ವಿಮಾನವೆಂದರೆ ದೊಡ್ಡವರಿಗೇ ಒಂದು ಅಳುಕು. ಅಂಥ ಮಾತುಗಳ ತುಣುಕುಗಳು ಎಲ್ಲೋ ಅವನ ಕಿವಿಗೂ ಬಿದ್ದಿರಬೇಕು. ದೋಣಿಗಾಗಿ ಹಟ ಹಿಡಿದದ್ದು ಏಕೆಂದು ಆಗ ಅರ್ಥವಾಯಿತು. ದಾರಿಯುದ್ದಕ್ಕೂ ಅವನು ನೀರಿನಲ್ಲಿ ಹುಡುಕುತ್ತಿದ್ದ.

ನಾನು ಎಲ್ಲವನ್ನೂ ಹೇಳಿದೆ. ಜ್ವರ ಬಂದದ್ದು, ಆಸ್ಪತ್ರೆ, ಆಮ್ಲಜನಕ, ಯಾವ ಊರಿನಲ್ಲಿ ಕಬರ್ ಇದೆ, ಯಾರು ಮಣ್ಣು ಕೊಟ್ಟರು. ಅವನ ಅಬ್ಬಾ ಹಾರಿಸಿದ ಯಾವ ವಿಮಾನವೂ ಯಾವತ್ತೂ ಬೀಳಲಿಲ್ಲ ಎಂಬುದನ್ನು ಎರಡು ಸಲ ಹೇಳಿಸಿಕೊಂಡ. ಹಾಗಾದರೆ ಆ ವಿಮಾನ ಈಗ ಎಲ್ಲಿದೆ ಎಂದು ಕೇಳಿದ. ಬೇರೆ ಯಾರೋ ಹಾರಿಸುತ್ತಿರಬಹುದು ಎಂದೆ. ಆ ಉತ್ತರ ಅವನಿಗೆ ಬಹಳ ಹಿಡಿಸಿತು. ನಾನು ಅಳುತ್ತಿದ್ದುದನ್ನು ಚಾಚಾ ನೋಡಿಯೂ ನೋಡದವರಂತೆ ಬಲೆಯ ಗಂಟು ಬಿಡಿಸುತ್ತಾ ಕುಳಿತಿದ್ದರು. ಆಮೇಲೆ ಅವನಿಗೆ ಅಳಿವೆ ಎಣಿಸುವ ಕಥೆ ಹೇಳಿದೆ. ಕೆಂಪು, ಹಸಿರು ದೀಪಗಳ ವಿಷಯ ಹೇಳಿಕೊಟ್ಟದ್ದು ಯಾರೆಂದೂ ಹೇಳಿದೆ.

ಅರಬಿ ಭಾಷೆಯಲ್ಲಿ ಇಂದು ಪೈಲಟ್‌ಗೆ ತಯ್ಯಾರ್ ಎನ್ನುತ್ತಾರೆ. ಹಾರುವವನು ಎಂದರ್ಥ. ಈ ಬಿರುದು ವಿಮಾನಗಳಿಗಿಂತ ಬಹಳ ಹಿಂದೆ ಹಝ್ರತ್ ಜಅಫರ್ ಬಿನ್ ಅಬೀ ತಾಲಿಬ್(ರ)ರಿಗೆ ಸಂದಿತ್ತು. ಹಿಜರಿ 8ರಲ್ಲಿ ಮುಅತಾ ಯುದ್ಧದಲ್ಲಿ ಎರಡೂ ಕೈಗಳನ್ನು ಕಳೆದುಕೊಂಡು ಹುತಾತ್ಮರಾದ ಅವರಿಗೆ ಅಲ್ಲಾಹನು ಸ್ವರ್ಗದಲ್ಲಿ ಎರಡು ರೆಕ್ಕೆಗಳನ್ನು ನೀಡಿದನೆಂದು ಪ್ರವಾದಿ(ಸ) ತಿಳಿಸಿದರು. ಆ ಸುದ್ದಿ ಬಂದಾಗ ಪ್ರವಾದಿ(ಸ) ಮಾಡಿದ್ದನ್ನು ನಾವು ಮತ್ತೆ ಮತ್ತೆ ಓದಬೇಕು. ಅವರು ಜಅಫರ್‌ರ ಮನೆಗೆ ತಾವೇ ಹೋದರು. ಮಕ್ಕಳನ್ನು ಕರೆಸಿ ಅಪ್ಪಿಕೊಂಡರು, ಕಣ್ಣೀರಿಟ್ಟರು. ಮಕ್ಕಳ ತಾಯಿ ಅಸ್ಮಾ(ರ)ರಿಗೆ ವಿಷಯ ತಿಳಿಸಿದರು. ಆ ಮನೆಗೆ ಊಟ ಮಾಡಿ ಕಳಿಸಲು ಹೇಳಿದರು. ಮೂರು ದಿನಗಳ ನಂತರ ಮತ್ತೆ ಬಂದು, ಇನ್ನು ಅಳಬೇಡಿರೆಂದು ಹೇಳಿ, ಜಅಫರ್‌ರ ಮಕ್ಕಳನ್ನು ಬಳಿಗೆ ಕರೆದರು. ತಮ್ಮನ್ನು ಹಕ್ಕಿಮರಿಗಳಂತೆ ತಂದು ನಿಲ್ಲಿಸಲಾಯಿತೆಂದು ಅವರಲ್ಲಿ ಒಬ್ಬರಾದ ಅಬ್ದುಲ್ಲಾ(ರ) ದೊಡ್ಡವರಾದ ಮೇಲೆ ನೆನಪಿಸಿಕೊಂಡಿದ್ದಾರೆ. ಕ್ಷೌರಿಕನನ್ನು ಕರೆಸಿ ಮಕ್ಕಳ ತಲೆ ಬೋಳಿಸಲಾಯಿತು. ಪ್ರವಾದಿ(ಸ) ಅವರಿಗಾಗಿ ದುಆ ಮಾಡಿದರು, ಅವರ ಹೊಣೆ ತನ್ನದೆಂದರು.

ಅದು ಅಲ್ಲಿಗೇ ಮುಗಿಯಲಿಲ್ಲ. ಎಷ್ಟೋ ಕಾಲದ ನಂತರವೂ ಅಬ್ದುಲ್ಲಾ ಬಿನ್ ಉಮರ್(ರ) ಜಅಫರ್‌ರ ಮಗನನ್ನು ಕಂಡಾಗ, ಎರಡು ರೆಕ್ಕೆಗಳವನ ಮಗನೆಂದು ಕರೆದು ಸಲಾಮ್ ಹೇಳುತ್ತಿದ್ದರು. ತಂದೆಯ ಮರಣವನ್ನು ಆ ಸಮಾಜ ಮಗುವಿನಿಂದ ಬಚ್ಚಿಡಲಿಲ್ಲ. ದಾರಿಯಲ್ಲಿ ಸಿಕ್ಕವರು ಅದನ್ನು ಗೌರವದಿಂದ ಹೆಸರಿಟ್ಟು ಹೇಳುತ್ತಿದ್ದರು. ಮೂರು ದಿನಗಳ ಮಿತಿಯನ್ನು ಕಲಿಸಿದ ಕೈಯೇ ಮಕ್ಕಳನ್ನು ಹತ್ತಿರ ಕರೆದ ಕೈ. ನಾವು ಮಿತಿಯನ್ನು ಉಳಿಸಿಕೊಂಡೆವು, ಕರೆಯುವುದನ್ನು ಬಿಟ್ಟೆವು.

ಭಾಭಿಯೊಂದಿಗೆ ಆಮೇಲೆ ಮಾತಾಡಿದೆ. ಅಜ್ಜಿಯ ಮನೆಯಲ್ಲಿ ಯಾರಾದರೂ ಹೇಳಿರುತ್ತಾರೆಂದು ಅವಳು ಭಾವಿಸಿದ್ದಳು. ತಾಯಿ ಹೇಳಿರುತ್ತಾಳೆಂದು ನಾವು ಭಾವಿಸಿದ್ದೆವು. ಮದ್ರಸದಲ್ಲಿ ಅವನು ಪ್ರತಿದಿನ ತಂದೆತಾಯಿಗಾಗಿ ದುಆ ಮಾಡುತ್ತಾನೆ, ಅದರಲ್ಲಿ ತಂದೆಯೆಂದರೆ ಯಾರೆಂದು ಯಾರೂ ಅವನಿಗೆ ತುಂಬಿಕೊಟ್ಟಿರಲಿಲ್ಲ. ಇದರಲ್ಲಿ ಯಾರ ಕೆಡುಕೂ ಇರಲಿಲ್ಲ, ಇದ್ದುದು ಬರೀ ಪ್ರೀತಿ. ಆದರೆ ಆ ಪ್ರೀತಿಯ ಭಾರವನ್ನು ಹೊತ್ತದ್ದು ಮನೆಯಲ್ಲಿ ಎಲ್ಲರಿಗಿಂತ ಚಿಕ್ಕವನು. ಕೊರೋನಾ ಕಾಲದಲ್ಲಿ ದೂರದ ಊರುಗಳಲ್ಲಿ, ಗಲ್ಫಿನಲ್ಲಿ ಮಣ್ಣಾದವರ ಮನೆಗಳು ನಮ್ಮ ನಡುವೆ ಇನ್ನೂ ಎಷ್ಟಿವೆ? ಅಲ್ಲಿನ ಮಕ್ಕಳು ಏನೇನು ಕಟ್ಟಿಕೊಂಡು ಕುಳಿತಿದ್ದಾರೆಂದು ನಾವು ಕೇಳಿದ್ದೇವೆಯೇ? ಚಿಕ್ಕಪ್ಪ, ಸೋದರತ್ತೆ, ಮಾಮಾ, ಖಾಲಾಗಳ ಬಳಿ ತೀರಿಹೋದವನ ಬಾಲ್ಯ ಇರುತ್ತದೆ. ಹೆಂಡತಿಗೆ ಗೊತ್ತಿರದ, ತಾಯಿಯಿಂದ ಬಚ್ಚಿಟ್ಟ ಬಾಲ್ಯ. ಅದು ಆ ಮಕ್ಕಳ ಆಸ್ತಿ. ಅನಾಥರ ಆಸ್ತಿಯನ್ನು ಇಟ್ಟುಕೊಳ್ಳುವ ಬಗ್ಗೆ ಕುರ್‌ಆನ್ ಎಷ್ಟು ಕಠಿಣವಾಗಿ ಎಚ್ಚರಿಸಿದೆಯೆಂಬುದನ್ನು ನಿಮಗೆ ನೆನಪಿಸಬೇಕಿಲ್ಲ. ಆಸ್ತಿಯೆಂದರೆ ಹಣ, ಹೊಲ ಎಂದಷ್ಟೇ ನಾನೂ ಓದಿಕೊಂಡಿದ್ದೆ.

ಆ ದಿನ ಮಧ್ಯಾಹ್ನ ಕಡಲಗಾಳಿ ಎದ್ದಿತು. ಹಿಂದಿರುಗುವಾಗ ದೋಣಿ ಜೋರಾಗಿ ಕುಲುಕಿತು, ಹುಡುಗನಿಗೆ ನಿಜವಾಗಿಯೂ ವಾಂತಿಯಾಯಿತು. ಶರಾವತಿ ಅಳಿವೆಯಲ್ಲಿ ಚಾಚಾ ಮತ್ತೆ ಸಲಾಮ್ ಹೇಳಿದಾಗ ಅವನೂ ಹೇಳಿದ.

ರಾತ್ರಿ ಊಟಕ್ಕೆ ಕುಳಿತಿದ್ದೆವು. ಮೀನಿನ ಮುಳ್ಳು ಬಿಡಿಸುತ್ತಾ ಅವನು ಇದ್ದಕ್ಕಿದ್ದಂತೆ, "ದಾದಿ, ಅಬ್ಬಾ ಮೇಲಿನಿಂದ ನಾಲ್ಕು ಅಳಿವೆ ಎಣಿಸುತ್ತಿದ್ದರಂತೆ. ನಾನು ಇವತ್ತು ಎರಡು ನೋಡಿದೆ" ಎಂದ. ಎಲ್ಲರ ಕೈಗಳು ತಟ್ಟೆಯಲ್ಲೇ ನಿಂತವು. ನಾನು ಅಮ್ಮಿಯ ಮುಖ ನೋಡಲಿಲ್ಲ. ಸ್ವಲ್ಪ ಹೊತ್ತು ಕಳೆಯಿತು. ಅಮ್ಮಿ ಸೆರಗಿನಿಂದ ಕಣ್ಣೊರೆಸಿಕೊಂಡು, ಅವನ ತಟ್ಟೆಗೆ ಇನ್ನೊಂದು ತುಂಡು ಮೀನು ಹಾಕಿದರು.

"ನಾಲ್ಕಲ್ಲ ಮಗಾ, ಐದು" ಎಂದರು. "ಭಟ್ಕಳದ ಕಡೆ ವೆಂಕಟಾಪುರ ಹೊಳೆ ಇದೆ. ಅದನ್ನೂ ಎಣಿಸುತ್ತಿದ್ದ. ನಿನ್ನ ಫುಪ್ಪುಗೆ ಅದು ಯಾವಾಗಲೂ ಮರೆತುಹೋಗುತ್ತದೆ."